ಮಗಳಿಗೊಬ್ಬ ಕಾರಿನ ಮೇಷ್ಟ್ರು

ಸಂಗೀತ ಕಲಿಸುವವರು ಬೇಕೆಂದರೆ ಬೀದಿಗೊಬ್ಬರು ದೊರೆಯುತ್ತಾರೆ. ಗಣಿತಕ್ಕೆ ಮನೆಪಾಠ ಹೇಳುವವರಿಗಂತೂ ನಮ್ಮ ಬಡಾವಣೆಯಲ್ಲಿ ಬರವೇ ಇಲ್ಲ. ಇವರ ವಿಷಯದಲ್ಲಿ ತಂದೆಯಾದವನು ಕೇಳಬೇಕಾದ ಪ್ರಶ್ನೆ ಒಂದೇ: "ತಿಂಗಳಿಗೆ ಎಷ್ಟು?" ಮಗಳು ರಾಗ ತಪ್ಪಿದರೆ ನೆರೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ; ಲೆಕ್ಕ ತಪ್ಪಿದರೆ ನಾಲ್ಕು ಅಂಕ ಹೋಗುತ್ತದೆ. ಆದರೆ ಕಾರು ಕಲಿಸುವ ಗುರುವನ್ನು ಹುಡುಕಹೊರಟ ಗೃಹಸ್ಥನ ಪಾಡೇ ಬೇರೆ. ಅಲ್ಲಿ ಶಿಷ್ಯೆ ಮಾಡುವ ತಪ್ಪಿಗೆ ದಂಡ ತೆರುವವನು ಎದುರಿನಿಂದ ಬರುತ್ತಿರುವ ಯಾವನೋ ದಾರಿಹೋಕ. ಇದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ವಿರಳ. ಆದರೂ ಮೊದಲ ದಿನ ನಾನೂ ಎಲ್ಲರಂತೆ "ಎಷ್ಟು?" ಎಂದೇ ಕೇಳಿದೆ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿರುವ ಸಾಮಾನ್ಯ ಸಂಸಾರ. ನಾನು, ನನ್ನಾಕೆ, ನನ್ನ ತಾಯಿ, ಒಬ್ಬಳೇ ಮಗಳು. ಐದನೆಯ ಸದಸ್ಯನೆಂದರೆ, ಯಾರೋ ಹತ್ತು ವರ್ಷ ಓಡಿಸಿ ನನಗೆ ದಾಟಿಸಿದ ಒಂದು ಪುಟ್ಟ ಕಾರು. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆ, ಹಬ್ಬಕ್ಕೊಮ್ಮೆ ಚಾಮುಂಡಿ ಬೆಟ್ಟ. ಉಳಿದ ದಿನಗಳಲ್ಲಿ ಅದು ಹೊದಿಕೆ ಹೊದ್ದು ಮಲಗಿರುತ್ತದೆ. "ನಮ್ಮ ಕಾರಿಗಿರುವಷ್ಟು ರಜೆ ನನಗಿದ್ದಿದ್ದರೆ!" ಎಂದು ನನ್ನಾಕೆ ನಿಟ್ಟುಸಿರು ಬಿಡುವುದುಂಟು. ದೀಪ ಹಚ್ಚಿದ ಮೇಲೆ ನಾನು ಕಾರು ಮುಟ್ಟುವುದಿಲ್ಲ. "ಕಣ್ಣು ಮಂಜು" ಎಂದು ಮನೆಯವರಿಗೆ ಹೇಳಿದ್ದೆ. ಅವರೂ ನಂಬಿದ್ದರು.

ಮಗಳು ಹದಿನಾರು ತುಂಬಿದಂದೇ ಕಾರಿನ ಬೀಗದ ಕೈಗೆ ಕೈ ಚಾಚಿದ್ದಳು. ಎದುರು ಮನೆಯ ಹುಡುಗನೊಬ್ಬ ಅದೇ ವಯಸ್ಸಿನಲ್ಲಿ ತಂದೆಯ ಕಾರನ್ನು ಓಡಿಸುತ್ತಿದ್ದುದು ಅವಳ ವಾದಕ್ಕೆ ಆಧಾರ. ನಾನು ಕಾನೂನಿನ ಮೊರೆಹೊಕ್ಕೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನಾರಕ್ಕೆ ಸಿಗುವುದು 50 ಸಿ.ಸಿ. ಮೀರದ ದ್ವಿಚಕ್ರ ಮಾತ್ರ; ಕಾರಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿ ಬಂದ ಮೇಲಂತೂ ಮೈನರು ಮಕ್ಕಳು ವಾಹನ ಓಡಿಸಿ ಅಪರಾಧ ಮಾಡಿದರೆ ಹೊಣೆ ಪೋಷಕರದು ಅಥವಾ ವಾಹನದ ಒಡೆಯರದು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. "ನೀನು ಕಾರು ಓಡಿಸುವುದು, ನಾನು ಜೈಲಿನಲ್ಲಿ ರಾಗಿ ಮುದ್ದೆ ಉಣ್ಣುವುದು, ಇದು ಯಾವ ನ್ಯಾಯ?" ಎಂದೆ. ಮಗಳು ನಕ್ಕು ಸುಮ್ಮನಾದಳು.

ಆದರೆ ಹದಿನೆಂಟು ತುಂಬಿದ ತಿಂಗಳಲ್ಲೇ ಒಂದು ರಾತ್ರಿ ನನ್ನ ತಾಯಿಗೆ ಉಬ್ಬಸ ಹೆಚ್ಚಾಯಿತು. ಗಂಟೆ ಎರಡು. ಆಂಬುಲೆನ್ಸಿಗೆ ಫೋನು ಮಾಡಿದೆವು. ಬರಲು ಸ್ವಲ್ಪ ಹೊತ್ತಾಗುವುದೆಂಬ ಉತ್ತರ ಬಂತು. ಆಟೋ ಇಲ್ಲ. ನನ್ನಾಕೆ ಕಾರಿನ ಹೊದಿಕೆ ಕಿತ್ತೆಸೆದು ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ನಾನು ಸ್ಟಿಯರಿಂಗಿನ ಮುಂದೆ ಕುಳಿತೆ. ಬೀಗದ ಕೈ ರಂಧ್ರದೊಳಗೆ ಹೋಗಲೊಲ್ಲದು. ಕಣ್ಣು ಮಂಜಾಗಿರಲಿಲ್ಲ, ಕೈ ನಡುಗುತ್ತಿತ್ತು. ಮೂರನೆಯ ಬಾರಿಗೂ ಆಗದಿದ್ದಾಗ ಮಗಳು ಮಾತಾಡದೆ ಓಡಿಹೋಗಿ ಪಕ್ಕದ ಮನೆಯವರನ್ನು ಎಬ್ಬಿಸಿ ತಂದಳು. ಅವರು ಕಾರು ಓಡಿಸಿದರು, ತಾಯಿ ಉಳಿದರು. ಮುಂಜಾನೆ ಆಸ್ಪತ್ರೆಯ ಬೆಂಚಿನ ಮೇಲೆ ಕಾಫಿ ಕುಡಿಯುತ್ತ ಮಗಳು, "ಅಪ್ಪಾ, ನಾನು ಕಾರು ಕಲಿಯುತ್ತೇನೆ" ಎಂದಳು. ಈ ಸಲ ಅವಳ ದನಿಯಲ್ಲಿ ಹುಡುಗಾಟವಿರಲಿಲ್ಲ. "ನಿಮ್ಮ ಕೈ ಯಾಕೆ ನಡುಗಿತು?" ಎಂದು ಮಾತ್ರ ಅವಳು ಕೇಳಲಿಲ್ಲ.

ಮೊದಲು ಕಲಿಕಾ ಲೈಸೆನ್ಸು. ರಸ್ತೆ ಚಿಹ್ನೆಗಳನ್ನು ಮನೆಮಂದಿಯೆಲ್ಲ ಕಲಿತೆವು. ಕೆಂಪು ಅಂಚಿನ ದುಂಡು ಫಲಕ ಆಜ್ಞೆ ಮಾಡುತ್ತದೆ, ತ್ರಿಕೋನ ಎಚ್ಚರಿಸುತ್ತದೆ, ನೀಲಿಯ ಆಯತ ತಿಳಿವಳಿಕೆ ಹೇಳುತ್ತದೆ. "ಹಾಗಾದರೆ ನಿಮ್ಮಮ್ಮ ದುಂಡು, ನಾನು ತ್ರಿಕೋನ, ನಿಮ್ಮಪ್ಪ ನೀಲಿ" ಎಂದು ನನ್ನ ತಾಯಿ ವರ್ಗೀಕರಣ ಮಾಡಿದರು. ಮಗಳು ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾದಳು. ಕಲಿಕಾ ಲೈಸೆನ್ಸಿನ ಆಯುಸ್ಸು ಆರು ತಿಂಗಳು. ಅದು ಕೈಗೆ ಬಂದು ಮೂವತ್ತು ದಿನ ಕಳೆಯುವವರೆಗೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ.

"ಲೈಸೆನ್ಸಿರುವ ತಂದೆ ಮನೆಯಲ್ಲೇ ಇರುವಾಗ ಸ್ಕೂಲಿಗೆ ದುಡ್ಡು ಸುರಿಯುವುದೇಕೆ? ನೀವೇ ಕಲಿಸಬಾರದೇ?" ಎಂದಳು ನನ್ನಾಕೆ. ಒಂದು ಭಾನುವಾರ ಬೆಳಗಿನ ಜಾವ ಅದನ್ನೂ ಮಾಡಿದೆವು. ಇಪ್ಪತ್ತು ನಿಮಿಷದಲ್ಲಿ ನಾನು "ಬ್ರೇಕು! ಬ್ರೇಕು!" ಎಂದು ನಲವತ್ತು ಸಲ ಕಿರುಚಿದೆನಂತೆ, ಅದರಲ್ಲಿ ಮೂವತ್ತು ಸಲ ಕಾರು ನಿಂತೇ ಇದ್ದಿತಂತೆ. ಮಗಳು ಕೆಳಗಿಳಿದು ನಡೆದೇ ಮನೆಗೆ ಹೋದಳು. ತಂದೆಯ ಅಂಜಿಕೆ ಮಗಳ ಕಾಲಿಗೆ ಇಳಿದರೆ ಕ್ಲಚ್ಚಿನ ಗತಿಯೇನು? ಸ್ಕೂಲೇ ಸರಿ ಎಂದಾಯಿತು.

ಹುಡುಕಾಟ ಆರಂಭವಾಯಿತು. ಮೊದಲನೆಯ ಕಡೆ ಹೇಳಿದ ದರ 3,500 ರೂಪಾಯಿ; ಹದಿನೈದು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಎರಡನೆಯ ಕಡೆ 6,300. ಇಪ್ಪತ್ತೊಂದು ದಿನ, ದಿನಕ್ಕೆ ಬರಿಯ ಅರ್ಧ ಗಂಟೆ. ಮೂರನೆಯ ಕಡೆಯ ಮಹನೀಯರು 8,000 ಕೇಳಿ, "ಹುಡುಗಿ ಕಲಿಯಲಿಕ್ಕೆ ಬರಬೇಕೆಂದೇನೂ ಇಲ್ಲ ಸಾರ್, ಹತ್ತು ದಿನದಲ್ಲಿ ಲೈಸೆನ್ಸು ಮನೆಗೆ ಬರುತ್ತೆ" ಎಂದು ಅಭಯವಿತ್ತರು. ಮೂವತ್ತು ದಿನದ ನಿಯಮವಿರುವಾಗ ಹತ್ತು ದಿನದ ಮಾತೆತ್ತಿದವರ ಬಳಿ ಹೆಚ್ಚು ಹೊತ್ತು ನಿಲ್ಲುವುದು ಕ್ಷೇಮವಲ್ಲವೆಂದು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಉಳಿದದ್ದು ಎರಡು. ಮಧ್ಯಮ ವರ್ಗದ ಗೃಹಸ್ಥ ಯಾವುದನ್ನು ಆರಿಸಿಕೊಂಡಾನೆಂದು ಹೇಳಬೇಕಾಗಿಲ್ಲ. ಅರ್ಧ ಹಣ, 1,750 ರೂಪಾಯಿ, ಮುಂಗಡ ಕಟ್ಟಿ, "ದಿನಕ್ಕೆ ಮುಕ್ಕಾಲು ಗಂಟೆ!" ಎಂದು ಬೀಗುತ್ತ ಮನೆಗೆ ಬಂದೆ.

ಐದು ದಿನ ಕಳೆದವು. ಆರನೆಯ ಸಂಜೆ ಜಗುಲಿಯಲ್ಲಿ ಕುಳಿತಿದ್ದಾಗ, "ಎಷ್ಟು ಕಲಿತೆಯಮ್ಮಾ?" ಎಂದು ಕೇಳಿದೆ.

"ಸ್ಟಿಯರಿಂಗು ಹಿಡಿಯುತ್ತೇನಪ್ಪಾ. ಬ್ರೇಕನ್ನು ಮಾತ್ರ ಒಂದು ಸಲವೂ ಒತ್ತಿಲ್ಲ. ಅವರ ಕಡೆಯೂ ಪೆಡಲುಗಳಿವೆಯಲ್ಲ, ಅವರೇ ಒತ್ತಿಬಿಡುತ್ತಾರೆ."

"ದಿನಕ್ಕೆ ಮುಕ್ಕಾಲು ಗಂಟೆ ಹೀಗೆಯೇ?"

"ಕಾರಿನಲ್ಲಿ ಮೂವರು ಕಲಿಯುವವರಿದ್ದೇವೆ. ತಲೆಗೆ ಕಾಲು ಗಂಟೆ. ಉಳಿದ ಹೊತ್ತು ಹಿಂದೆ ಕೂತು ಬೇರೆಯವರನ್ನು ನೋಡುವುದು."

ನಾನು ಪೆನ್ಸಿಲು ತೆಗೆದು ಪಂಚಾಂಗದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಕಾಲು ಗಂಟೆಯಂತೆ ಹದಿನೈದು ದಿನಕ್ಕೆ ಮೂರು ಮುಕ್ಕಾಲು ಗಂಟೆ. 3,500 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 933 ರೂಪಾಯಿ. ದುಬಾರಿಯೆಂದು ನಾನು ಬಿಟ್ಟುಬಂದ ಎರಡನೆಯ ಕಡೆ ಕಾರಿನಲ್ಲಿ ಒಬ್ಬರೇ ಶಿಷ್ಯರು, ಇಪ್ಪತ್ತೊಂದು ಅರ್ಧ ಗಂಟೆಗಳೆಂದರೆ ಹತ್ತೂವರೆ ಗಂಟೆ, ಗಂಟೆಗೆ 600. ನಾನು ಅಗ್ಗವೆಂದು ಕೊಂಡದ್ದು ದುಬಾರಿ, ದುಬಾರಿಯೆಂದು ಬಿಟ್ಟದ್ದು ಅಗ್ಗ! ಕೇಳಬೇಕಾದ ಪ್ರಶ್ನೆ "ಎಷ್ಟು ರೂಪಾಯಿ?" ಎಂಬುದಲ್ಲ, "ಸ್ಟಿಯರಿಂಗಿನ ಮುಂದೆ ನನ್ನ ಮಗಳು ಒಟ್ಟು ಎಷ್ಟು ಗಂಟೆ ಕೂರುತ್ತಾಳೆ?" ಎಂಬುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನೇ ಹೇಳುತ್ತವೆಂದು ಆಮೇಲೆ ಓದಿ ತಿಳಿದೆ: ಸ್ವಂತ ಬಳಕೆಯ ಕಾರು ಕಲಿಸುವ ಸ್ಕೂಲು ಕಡಮೆಯೆಂದರೆ ಇಪ್ಪತ್ತೊಂದು ದಿನ ಕಲಿಸಬೇಕು, ಹತ್ತು ಗಂಟೆಯಾದರೂ ಶಿಷ್ಯರ ಕೈಯಲ್ಲಿ ಕಾರು ಓಡಿಸಬೇಕು.

"ಹೋಗಲಿ ಬಿಡಿ, ಕಟ್ಟಿದ ದುಡ್ಡು ಕಟ್ಟಿದ್ದಾಯಿತು. ಹೇಗೋ ಲೈಸೆನ್ಸು ಬಂದರೆ ಸಾಕು. ಆಮೇಲೆ ಓಡಿಸುತ್ತ ಓಡಿಸುತ್ತ ತಾನಾಗಿ ಬರುತ್ತದೆ" ಎಂದಳು ನನ್ನಾಕೆ.

"ಬರುವುದಿಲ್ಲ!" ಎಂದೆ. ನನ್ನ ದನಿ ನನಗೇ ಅಪರಿಚಿತವೆನಿಸಿತು. ಒಳಗೆ ಬತ್ತಿ ಹೊಸೆಯುತ್ತಿದ್ದ ತಾಯಿ ಎದ್ದು ಬಂದು ಹೊಸ್ತಿಲಲ್ಲಿ ನಿಂತರು. ಅವರಿಗೆ ತಿಳಿದಿತ್ತು. ಉಳಿದ ಇಬ್ಬರಿಗೆ ಅಂದು ಹೇಳಿದೆ.

1994ರಲ್ಲಿ ನನಗೆ ಇಪ್ಪತ್ತಮೂರು. ಸಣ್ಣ ಊರೊಂದರಲ್ಲಿ ಕೆಲಸ. ಗೆಳೆಯನೊಬ್ಬ ಯಾರನ್ನೋ ಹಿಡಿದು ನನಗೆ ಲೈಸೆನ್ಸು ಕೊಡಿಸಿದ. ಪರೀಕ್ಷೆಯೆಂದರೆ, ಒಂದು ಹುಣಸೆ ಮರದಿಂದ ಒಂದು ಬೇವಿನ ಮರದವರೆಗೆ ಕಾರು ಓಡಿಸಿದ್ದು. ಬೇವಿನ ಮರದ ಬಳಿ ಅದು ತಾನಾಗಿಯೇ ಆರಿ ನಿಂತಿತು. ಮೂರು ತಿಂಗಳ ನಂತರ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಅದೇ ಗೆಳೆಯನ ಅಂಬಾಸಿಡರ್ ಕಾರಿನಲ್ಲಿ ತಿರುವೊಂದನ್ನು ದಾಟುತ್ತಿದ್ದೆ. ಎದುರಿಗೆ ಸೈಕಲ್ಲಿನಲ್ಲಿ ಎಳನೀರಿನ ಗೊನೆ ಹೇರಿಕೊಂಡ ಒಬ್ಬಾತ. ಬ್ರೇಕು ಒತ್ತಬೇಕೆಂದು ತಲೆ ಹೇಳಿತು. ಕಾಲು ಆಕ್ಸಿಲರೇಟರನ್ನು ಒತ್ತಿತು. ಆತ ಸಾಯಲಿಲ್ಲ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಎಂಟು ತಿಂಗಳು ಆತ ಸೈಕಲ್ಲು ಹತ್ತಲಿಲ್ಲ. ಹತ್ತಿದ ಮೇಲೂ ಕುಂಟುವುದು ಬಿಡಲಿಲ್ಲ. ಆಸ್ಪತ್ರೆಯ ಖರ್ಚಿಗೆ, ಆತನ ಮನೆಯ ಖರ್ಚಿಗೆ, ನನ್ನ ತಾಯಿಯ ನಾಲ್ಕು ಬಂಗಾರದ ಬಳೆಗಳು ಗಿರವಿ ಅಂಗಡಿಗೆ ಹೋದವು, ತಿರುಗಿ ಬರಲಿಲ್ಲ. ನನ್ನ ಲೈಸೆನ್ಸಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೊಹರಿತ್ತು, ಸಹಿಯಿತ್ತು, ಭಾವಚಿತ್ರವಿತ್ತು. ಇಲ್ಲದಿದ್ದದ್ದು ವಿದ್ಯೆ ಮಾತ್ರ. ಆಮೇಲೆ ಹಳೆಯ ಲಾರಿ ಚಾಲಕರೊಬ್ಬರ ಬಳಿ ಮೊದಲಿನಿಂದ ಕಲಿತೆ. ಕಾಲು ಕಲಿಯಿತು; ದೀಪ ಹಚ್ಚುವ ಹೊತ್ತಿಗೆ ಮನಸ್ಸು ಮಾತ್ರ ಇಂದಿಗೂ ಆ ತಿರುವಿನಲ್ಲೇ ನಿಂತುಬಿಡುತ್ತದೆ.

ಯಾರೂ ಮಾತಾಡಲಿಲ್ಲ. ಕೊನೆಗೆ ತಾಯಿಯೇ, "ಬಳೆ ಹೋದರೆ ಹೋಯಿತು ಕಣೋ. ಆ ಮನುಷ್ಯ ಉಳಿದನಲ್ಲ. ನಾನು ಆವತ್ತು ಅತ್ತದ್ದು ಬಳೆಗಲ್ಲ" ಎಂದು ಒಳಗೆ ಹೋದರು. ಮಗಳು ಪಂಚಾಂಗವನ್ನು ಎತ್ತಿಕೊಂಡು ನನ್ನ ಲೆಕ್ಕವನ್ನು ಬಹಳ ಹೊತ್ತು ನೋಡುತ್ತಿದ್ದಳು.

ಮುಂಗಡದ 1,750 ರೂಪಾಯಿಗೆ ಎಳ್ಳುನೀರು ಬಿಟ್ಟು ಮರುದಿನ ಎರಡನೆಯ ಕಡೆಗೆ ಹೋದೆವು. ಅಲ್ಲಿಯ ಮೇಷ್ಟ್ರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ತೆಳ್ಳನೆಯ ಆಳು, ಮಾತು ಕಡಮೆ. ಮೊದಲ ದಿನ ಅವರು ಇಂಜಿನನ್ನೇ ಚಾಲೂ ಮಾಡಿಸಲಿಲ್ಲ. ಸೀಟು ಎಷ್ಟು ಮುಂದಿರಬೇಕು, ಮೂರು ಕನ್ನಡಿಗಳಲ್ಲಿ ಏನೇನು ಕಾಣಬೇಕು, ಯಾವುದು ಕಾಣುವುದಿಲ್ಲ, ಇಷ್ಟೇ. "ಅರ್ಧ ಗಂಟೆ ದಂಡವಾಯಿತು" ಎಂದು ನನ್ನೊಳಗಿನ ಲೆಕ್ಕಿಗ ಗೊಣಗಿದ. ಎರಡನೆಯ ದಿನ ಆಕ್ಸಿಲರೇಟರು ಮುಟ್ಟದೆ ಕ್ಲಚ್ಚನ್ನಷ್ಟೇ ಕೂದಲೆಳೆಯಷ್ಟು ಬಿಡುತ್ತ ಕಾರನ್ನು ಇರುವೆಯಂತೆ ತೆವಳಿಸಿದರು. ಆಮೇಲೆ ಏರಿನಲ್ಲಿ ಕೈಬ್ರೇಕು ಎಳೆದು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಹೊರಡುವುದು. ಆಮೇಲೆ ನಮ್ಮ ಮೈಸೂರಿನ ವೃತ್ತಗಳು. ಈ ಊರಿನಲ್ಲಿ ನಾಲ್ಕು ಹೆಜ್ಜೆ ಹೋದರೆ ಒಂದು ವೃತ್ತ. ಅದರೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಎಂಬುದನ್ನು ನಾನೂ ಹೊಸದಾಗಿ ಕಲಿತೆ.

ಹದಿನಾಲ್ಕನೆಯ ದಿನ ಮಗಳು ಓಡಿಬಂದು ಹೇಳಿದಳು: "ಅಪ್ಪಾ, ಇವತ್ತು ಮೇಷ್ಟ್ರು ಕಾಲುಗಳನ್ನು ಪೆಡಲಿನಿಂದ ಹಿಂದಕ್ಕೆ ಎಳೆದುಕೊಂಡು ಕೂತರು. 'ಇನ್ನು ಮೇಲೆ ನನಗೆ ಕಾಲಿಲ್ಲ ಅಂದುಕೊ' ಅಂದರು!" ಶಿಕ್ಷಕರ ಕಡೆಯೂ ಪೆಡಲು ಇರಬೇಕೆಂಬುದು ನಿಯಮ; ಅದು ಅಪಾಯಕ್ಕೆ. ಅದನ್ನು ಯಾವಾಗ ಒತ್ತಬಾರದೆಂಬುದು ಮಾತ್ರ ಯಾವ ನಿಯಮದಲ್ಲೂ ಇಲ್ಲ. ಅದಕ್ಕೇ ಗಂಟೆಗೆ 600 ರೂಪಾಯಿ ಕೊಡುವುದು ಎಂದುಕೊಂಡೆ.

ಸ್ಕೂಲಿನ ಪಾಠ ಮುಗಿದ ಮೇಲೆ ಉಳಿದ ದಿನಗಳ ಅಭ್ಯಾಸ ಮನೆಯ ಕಾರಿನಲ್ಲೇ, ಖರ್ಚು ಪೆಟ್ರೋಲಿನದಷ್ಟೇ. ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಮುಂದೆ ಒಂದು, ಹಿಂದೆ ಒಂದು ಇರಬೇಕು. ಹಲಗೆ 18 ಸೆಂಟಿಮೀಟರ್ ಚೌಕಕ್ಕೆ ಕಡಮೆಯಾಗಬಾರದು. ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದದಿಂದ ನನ್ನಾಕೆ ಎರಡನ್ನೂ ಕತ್ತರಿಸಿ ಅಂಟಿಸಿದಳು. ಪಕ್ಕದಲ್ಲಿ ಲೈಸೆನ್ಸುಳ್ಳವರು ಕುಳಿತಿರಬೇಕು, ಅದು ನಾನು. ಈ ಸಲ ನಾನು ಕಿರುಚಲಿಲ್ಲ. ಕಿರುಚಲು ಅವಳು ಅವಕಾಶವನ್ನೇ ಕೊಡಲಿಲ್ಲ.

ಸರ್ಕಾರಕ್ಕೆ ಕಟ್ಟಬೇಕಾದದ್ದೇನೂ ದೊಡ್ಡ ಮೊತ್ತವಲ್ಲ. 2016ರ ಕೊನೆಯಲ್ಲಿ ಪರಿಷ್ಕರಿಸಿದ ಕೇಂದ್ರದ ಪಟ್ಟಿಯಲ್ಲಿ ಕಲಿಕಾ ಲೈಸೆನ್ಸಿಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ ಎಂದಿದೆ. ಕಾರ್ಡಿನ ರೂಪದಲ್ಲಿ ಬೇಕಾದರೆ ಅದಕ್ಕಿಷ್ಟು ಬೇರೆ. ಸಾವಿರಗಟ್ಟಲೆ ಕೇಳುವವರೆಲ್ಲ ನಡುವಿನವರು.

ಪರೀಕ್ಷೆಯ ದಿನ ಮಗಳು ಕಾರನ್ನು ಹಿಂದಕ್ಕೆ ತಿರುಗಿಸುವಾಗ ಗೆರೆ ಮುಟ್ಟಿಸಿದಳು. ಅನುತ್ತೀರ್ಣ. ಏಳು ದಿನ ಕಳೆದು ಮತ್ತೆ ಬರಬೇಕು. ಮುಖ ಸಣ್ಣದು ಮಾಡಿಕೊಂಡು ಹೊರಬಂದೆವು. ರಸ್ತೆಯ ಮರದಡಿಯಲ್ಲಿ ನಿಂತಿದ್ದ ಒಬ್ಬಾತ ಪಕ್ಕಕ್ಕೆ ಬಂದು, "ಇಷ್ಟು ಚೆನ್ನಾಗಿ ಓಡಿಸ್ತಾರೆ, ಪಾಪ! ಎರಡು ಸಾವಿರ ಕೊಡಿ ಸಾರ್, ನಾನು ನೋಡ್ಕೋತೀನಿ" ಎಂದು ಪಿಸುಗುಟ್ಟಿದ. ಅವನ ಮಾತಿನಲ್ಲಿ ಎಷ್ಟು ನಿಜವಿತ್ತೋ, ನಾನು ವಿಚಾರಿಸಲಿಲ್ಲ. ಆದರೆ ಸುಳ್ಳೇಕೆ ಹೇಳಲಿ, ಮಗಳ ಮುಖ ನೋಡಿ ನನ್ನ ಕೈ ಒಂದು ಕ್ಷಣ ಜೇಬಿನ ಕಡೆ ಹೋಯಿತು. ಅಷ್ಟರಲ್ಲಿ ಮಗಳೇ, "ಬೇಡ, ನಾನು ಮುಂದಿನ ವಾರ ಬರುತ್ತೇನೆ" ಎಂದಳು. ಏಳು ದಿನವೂ ಬೆಳಗಿನ ಜಾವ ಎರಡು ಇಟ್ಟಿಗೆಗಳ ನಡುವೆ ಕಾರನ್ನು ಹಿಂದಕ್ಕೆ ಬಿಟ್ಟು ಅಭ್ಯಾಸ ಮಾಡಿದಳು. ಎರಡನೆಯ ಸಲ ಗೆರೆ ಮುಟ್ಟಲಿಲ್ಲ.

ಲೈಸೆನ್ಸು ಬಂದ ಮೊದಲ ಶುಕ್ರವಾರ ಸಂಜೆ ನನ್ನ ತಾಯಿಯ ಅಪ್ಪಣೆಯಂತೆ ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಇಳಿಯುವಾಗ ಕತ್ತಲಾಗಿತ್ತು. ಕೆಳಗೆ ಊರಿನ ದೀಪಗಳು. ಬೆಟ್ಟದ ತಿರುವುಗಳನ್ನು ಮಗಳು ಎರಡನೆಯ ಗೇರಿನಲ್ಲಿ ಅವಸರವಿಲ್ಲದೆ ಇಳಿಸಿದಳು. ಊರೊಳಗೆ ಬಂದು ನಮ್ಮ ಬೀದಿಯ ಕಡೆ ತಿರುಗಬೇಕು, ಮೂಲೆಯಿಂದ ಒಬ್ಬ ಮುದುಕ ಸೈಕಲ್ಲು ತುಳಿಯುತ್ತ ಅಡ್ಡ ಬಂದ. ಸೈಕಲ್ಲಿಗೆ ದೀಪವಿಲ್ಲ. ಕಾರು ಮೆತ್ತಗೆ ನಿಂತಿತು. ಆತ ನಮ್ಮ ಕಡೆ ತಿರುಗಿಯೂ ನೋಡದೆ ದಾಟಿಹೋದ.

"ಯಾಕೆ ನಿಲ್ಲಿಸಿದೆಯೇ?" ಎಂದರು ಹಿಂದಿನಿಂದ ನನ್ನ ತಾಯಿ.

"ಸೈಕಲ್ಲಿನವರು ಹೋಗಲಿ ಅಂತ, ಅಜ್ಜಿ."

"ಹೋಗಲಿ, ಹೋಗಲಿ. ನಮಗೇನು ಅವಸರ?"

ಆಗ ಗಮನಿಸಿದೆ. ನನ್ನ ಬಲಗಾಲು, ಇಲ್ಲದ ಬ್ರೇಕನ್ನು ಹುಡುಕಿ ಕಾರಿನ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಮೇಷ್ಟ್ರನ್ನು ನೆನೆದು, ಎರಡೂ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ.